ಬಣ್ಣದ ಕೆಳಗಿನ ಬೋಲ್ಟು

ನನ್ನ ಸೊಸೆಯ ಬಗ್ಗೆ ಯಾರಾದರೂ ಕೇಳಿದರೆ ಮೊದಲು ದೂರು ಹೇಳುತ್ತೇನೆ, ಉಳಿದದ್ದೆಲ್ಲ ಆಮೇಲೆ. ಒಲೆಯ ಮೇಲೆ ಏನನ್ನಾದರೂ ಇಟ್ಟರೆ, ಅದು ಸೀದ ವಾಸನೆ ಬೀದಿಗೆ ಹೋಗುವವರೆಗೂ ಅವಳಿಗೆ ನೆನಪಾಗುವುದಿಲ್ಲ. ಅಡುಗೆಮನೆಯಲ್ಲಿ ಚಮಚ ಕಾಣದಿದ್ದರೆ ಅದು ಬ್ಯಾಟರಿಯ ಮೇಲಿನ ಬಿಳಿ ಪುಡಿ ಕೆರೆಯಲು ಹೋಗಿದೆ ಎಂದೇ ಲೆಕ್ಕ. ನಕ್ಕರೆ ಬೀದಿಯ ಆ ತುದಿಗೆ ಕೇಳಬೇಕು. ಇಷ್ಟೆಲ್ಲ ಹೇಳಿದ ಮೇಲೂ, ಅವಳನ್ನು ಬೇರೆ ಯಾರಾದರೂ ಒಂದು ಮಾತು ಅಂದರೆ ನಾನೇ ಕಾಲು ಕೆರೆದು ಜಗಳಕ್ಕೆ ಹೋಗುತ್ತೇನೆ. ಅವಳನ್ನು ಬೈಯುವ ಹಕ್ಕು ನನ್ನೊಬ್ಬಳದು.

ಅವಳದು ಗಾಡಿಗಳ ವೈರಿಂಗ್ ಕೆಲಸ. ದೀಪ ಮಂಕಾದರೆ, ಹಾರ್ನ್ ಕೂಗದಿದ್ದರೆ, ಬೆಳಗ್ಗೆ ಕೀ ತಿರುಗಿಸಿದಾಗ ಗಾಡಿ ಕಟಕಟ ಎಂದು ಸುಮ್ಮನಾದರೆ ಜನ ಅವಳ ಹತ್ತಿರ ಬರುತ್ತಾರೆ. ನನ್ನ ಮಗ ಅದೇ ಶೆಡ್ಡಿನಲ್ಲಿ ಪೇಂಟರ್. ಎಡಗಡೆ ಅವನ ಜಾಗ, ಬಲಗಡೆ ಅವಳದು. ಮಧ್ಯದಲ್ಲಿ ಪ್ಲಾಸ್ಟಿಕ್ ಪರದೆ. ಹಸಿ ಬಣ್ಣದ ಮೇಲೆ ಒಂದು ಕಣ ಧೂಳು ಕೂತರೂ ಅವನಿಗೆ ಜೀವ ಹೋದಂತಾಗುತ್ತದೆ, ಹಾಗಾಗಿ ಆ ಪರದೆಯನ್ನು ಅವನೇ ಕಟ್ಟಿದ್ದು. ಬಾಗಿಲ ಬಳಿಯ ಕುರ್ಚಿ ನನ್ನದು. ಯಾರು ಬಂದರು, ಯಾರು ಹೋದರು, ಯಾರು ಸುಮ್ಮನೆ ಹರಟೆಗೆ ಬಂದರು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಸಂಬಳ ಇಲ್ಲ, ಟೀ ಉಂಟು.

ಈ ವಿದ್ಯೆ ಅವಳಿಗೆ ತವರಿನದು. ಅವಳಪ್ಪ ಹೆದ್ದಾರಿ ಪಕ್ಕ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟುಕೊಂಡಿದ್ದ. ಇವಳು ನಡೆಯಲು ಕಲಿತದ್ದೇ ಬ್ಯಾಟರಿ ಸಾಲುಗಳ ನಡುವೆಯಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಬಟ್ಟೆಗಳಲ್ಲೆಲ್ಲ ಸಣ್ಣ ಸಣ್ಣ ತೂತು ಕಂಡು, ಪಾಪ, ಆ ಮನೆಯಲ್ಲಿ ಇಲಿ ಕಾಟ ಅಂದುಕೊಂಡಿದ್ದೆ. ಅದು ಆಸಿಡ್ ಹಾರಿ ಆದ ತೂತು ಎಂದು ಅವಳೇ ನಗುತ್ತಾ ಹೇಳಿದಳು. ಮನೆಯಲ್ಲಿರು ಎಂದು ನಾನು ಒಂದೆರಡು ಸಲ ಹೇಳಿ ನೋಡಿದೆ. "ಇರ್ತೀನಿ ಅತ್ತೆ, ಆ ಗಾಡಿ ಒಂದು ನೋಡಿ ಬರ್ತೀನಿ" ಎಂದು ಹೋದವಳು ಇವತ್ತಿಗೂ ಬಂದಿಲ್ಲ. ಕೊನೆಗೆ ನಾನೇ ಶೆಡ್ಡಿಗೆ ಕುರ್ಚಿ ಹಾಕಿಸಿಕೊಂಡೆ.

ಅವಳು ಕೆಲಸ ಮಾಡುವ ರೀತಿಯೇ ಬೇರೆ. ಗಾಡಿ ಬಂದ ಕೂಡಲೇ ಸ್ಪ್ಯಾನರ್ ಹಿಡಿಯುವವಳಲ್ಲ. ಮೊದಲು ಪೊಲೀಸರ ಹಾಗೆ ವಿಚಾರಣೆ. ಒಂದು ದೀಪ ಮಂಕೋ ಎರಡೂ ಮಂಕೋ? ನಿಂತಾಗಲೋ ಓಡುವಾಗಲೋ? ಕೆಲವರಿಗೆ ಇದು ತಲೆ ತಿಂದಂತಾಗುತ್ತದೆ. ವಿಚಾರಣೆ ಮುಗಿದ ಮೇಲೆ ಗಾಡಿಯ ಮೂತಿಯನ್ನು ಮಾತ್ರ ಶೆಡ್ಡಿನೊಳಗೆ ಬಿಡಿಸಿ, ಹಿಂಭಾಗವನ್ನು ಹೊರಗೇ ಉಳಿಸಿ, ಬಾಗಿಲಿನಿಂದ ದಪ್ಪ ಟಾರ್ಪಾಲಿನ್ ಇಳಿಬಿಡುತ್ತಾಳೆ. ಹೊಗೆ ಹೊರಗೆ, ಕತ್ತಲೆ ಒಳಗೆ. ಎದುರಿನ ಗೋಡೆಯ ಮೇಲೆ ದೀಪದ ಎರಡು ಗುಂಡು ಬೀಳುತ್ತವೆ. ಮಟಮಟ ಮಧ್ಯಾಹ್ನವೂ ಅವಳಿಗೆ ಬೇಕಾದ ಕತ್ತಲೆ ಸಿಗುತ್ತದೆ.

ಡ್ರೈವರ್ ಸೀಟಿನಲ್ಲಿ ಕೂರುವುದು ಯಾರು? ನಾನು. ಗಾಡಿಯ ಮಾಲೀಕರನ್ನು ಅವಳು ಕೂರಿಸುವುದಿಲ್ಲ. ಅವರು ಗಾಬರಿಯಲ್ಲಿ ಆಕ್ಸಿಲರೇಟರ್ ಜಾಸ್ತಿ ಒತ್ತುತ್ತಾರಂತೆ. "ನಿಮ್ಮ ಕಾಲು ಹದವಾಗಿದೆ ಅತ್ತೆ" ಎಂದು ಉಬ್ಬಿಸಿ ಉಬ್ಬಿಸಿ ನನ್ನನ್ನು ಹತ್ತಿಸಿದಳು. "ಏರ್ಸಿ" ಎಂದರೆ ಒತ್ತಬೇಕು, "ಇಳ್ಸಿ" ಎಂದರೆ ಬಿಡಬೇಕು. ಗಾಡಿ ಓಡಿಸಲು ಬರದ ನಾನು ಈ ಊರಿನ ಅರ್ಧದಷ್ಟು ಗಾಡಿಗಳ ಸೀಟಿನಲ್ಲಿ ಕೂತಿದ್ದೇನೆ. ಒಂದಾದರೂ ಒಂದು ಗೇಣು ಮುಂದೆ ಹೋಗಿಲ್ಲ.

ಇನ್ನು ಮಗನ ವಿಷಯ. ಅವನ ಕೈ ಚೊಕ್ಕ. ಚಿಕ್ಕಂದಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕಿದರೂ ಮೂಲೆ ಎದ್ದಿರುತ್ತಿರಲಿಲ್ಲ. ಆದರೆ ಅವನಿಗೆ ಸಿಗುತ್ತಿದ್ದದ್ದು ಬರೀ ಗೀರು, ತರಚು, ತಗ್ಗು ಬಿದ್ದ ಬಾಗಿಲು. ಪೂರ್ತಿ ಗಾಡಿಯನ್ನು ಬೋಳು ಮಾಡಿ ಹೊಸದಾಗಿ ಬಳಿಯುವ ಕೆಲಸ ಕೊಡಿ ಎಂದು ಕಂಡವರನ್ನೆಲ್ಲ ಕೇಳಿಕೊಂಡಿದ್ದ. ತಲೆಗೂದಲು ಬೆಳ್ಳಗಾಗುವ ಹೊತ್ತಿಗೆ ಆ ಕೆಲಸ ಬಂತು. ತಂದವನು ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಡ್ರೈವರ್. ಪ್ರತಿ ಮನೆಯ ಮುಂದೆಯೂ ಹಾಡಿನ ಹಾಗೆ ಹಾರ್ನ್ ಹೊಡೆಯುತ್ತಾನೆಂದು ಮಕ್ಕಳು ಅವನನ್ನು ಹಾರ್ನ್ ಮಾಮ ಅನ್ನುತ್ತಾರೆ. ನಾವೂ ಹಾಗೇ ಅನ್ನುತ್ತೇವೆ. ರಜೆಯಲ್ಲಿ ಮೊದಲು ಅವನ ವ್ಯಾನು, ಅದರ ಬೆನ್ನಿಗೇ ಅವನ ಭಾವಮೈದನದು. ಮಗ ಪರದೆಯ ಆಚೆ ಊಟ ನಿದ್ದೆ ಮರೆತು ಬಳಿದ. ಹೊರಗೆ ಬಂದಾಗ ಆ ವ್ಯಾನುಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅವರ ಗುಂಪಿನ ಉಳಿದ ವ್ಯಾನುಗಳೂ ನಿನಗೇ ಎಂದು ಹಾರ್ನ್ ಮಾಮ ಮಾತು ಕೊಟ್ಟ. ಆ ದಿನ ಮಗ ಮನೆಯೊಳಗೆ ಸಿಳ್ಳೆ ಹಾಕುತ್ತಾ ತಿರುಗಿದ್ದನ್ನು ನೋಡಿ ನನಗೆ ಅಳುವೇ ಬಂದಿತ್ತು.

ಆಮೇಲೆ ಮಂಜಿನ ಕಾಲ ಬಂತು. ಬೆಳಗ್ಗೆ ಎದುರುಮನೆಯ ಗೇಟು ಕೂಡ ಕಾಣದಂಥ ಮಂಜು. ಒಂದು ದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಹಾರ್ನ್ ಮಾಮ ನೇರ ಶೆಡ್ಡಿಗೆ ಬಂದ. ಮಗ ಇರಲಿಲ್ಲ, ಮುಂದಿನ ವ್ಯಾನಿಗೆ ಬಣ್ಣ ಕಲಸಿಸಿಕೊಂಡು ಬರಲು ಹೋಗಿದ್ದ.

"ಅಕ್ಕ, ಲೈಟು ತೀರಾ ಮಂಕಾಗಿದೆ" ಎಂದ ಸೊಸೆಗೆ. "ವೈಪರ್ ಹಾಕಿದ್ರೆ ಇನ್ನೂ ಮಂಕು. ಹಾರ್ನ್ ಅಂತೂ ನೆಗಡಿ ಆದವ್ರ ಥರ. ಮಕ್ಕಳು ನಗ್ತಾವೆ."

ವಿಚಾರಣೆ ಶುರುವಾಯಿತು. "ಒಂದು ಲೈಟೋ, ಎರಡೂನೋ?"

"ಎರಡೂ."

"ಹಾಗಾದ್ರೆ ಬಲ್ಬಿನ ತಪ್ಪಲ್ಲ. ರೇಸ್ ಮಾಡಿದ್ರೆ ಬೆಳಕು ಏರುತ್ತಾ?"

"ಸ್ವಲ್ಪ. ಮೊದಲಿನಷ್ಟಿಲ್ಲ. ಹೊಸ ಬ್ಯಾಟರಿ ಹಾಕ್ಸಿದೆ, ಅದೂ ಇಳೀತಿದೆ. ಇನ್ನೊಂದ್ಕಡೆ ತೋರಿಸ್ದೆ, ಡೈನಮೊ ಹೋಗಿದೆ ಬದಲಾಯ್ಸು ಅಂದ್ರು. ಯಾವುದಕ್ಕೂ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ."

"ಯಾವಾಗಿಂದ ಹೀಗೆ?"

"ಮಂಜು ಬಿದ್ದಾಗಿಂದ. ಅದಕ್ಕೆ ಮುಂಚೆ ಬೆಳಗ್ಗೆ ಲೈಟೇ ಬೇಕಿರ್ಲಿಲ್ವಲ್ಲ. ನಮ್ಮ ಭಾವಮೈದನೂ ಹಂಗೇ ಅಂತಿದ್ದ. ಮಂಜಲ್ವಾ, ಎಲ್ಲರಿಗೂ ಹಂಗೇ ಇರ್ಬೇಕು."

ಸೊಸೆ ಪ್ರಶ್ನೆ ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. "ಅವರ ವ್ಯಾನೂ ಹೀಗೇನಾ?" ಎಂದು ಮತ್ತೊಮ್ಮೆ ಕೇಳಿದಳು. ಹೌದೆಂದ. ಅವನನ್ನು ಹೊರಗಿನ ಬೆಂಚಿನ ಮೇಲೆ ಟೀ ಕೊಟ್ಟು ಕೂರಿಸಿ, ನನ್ನನ್ನು ಸೀಟಿಗೆ ಹತ್ತಿಸಿ, ಟಾರ್ಪಾಲಿನ್ ಇಳಿಸಿದಳು.

ಗೋಡೆಯ ಮೇಲೆ ಬಿದ್ದ ಬೆಳಕು ಹಳಸಿದ ಬೆಣ್ಣೆಯ ಬಣ್ಣ. ನಾನೇ ಮೂಗು ಮುರಿದೆ. ಅವಳು ಮೀಟರಿನ ಕಡ್ಡಿಗಳನ್ನು ಹಿಡಿದು ಒಂದೊಂದೇ ಕಡೆ ಮುಟ್ಟಿಸುತ್ತಾ ಹೋದಳು. ಅವಳಿಗೆ ಜೋರಾಗಿ ಮಾತಾಡಿಕೊಂಡೇ ಕೆಲಸ ಮಾಡುವ ಚಟ. ನನಗೂ ಅಷ್ಟಿಷ್ಟು ಅರ್ಥವಾಗುವುದು ಅದರಿಂದಲೇ.

"ಏರ್ಸಿ ಅತ್ತೆ. ಹಾಂ, ಡೈನಮೊ ಹತ್ರ ಹದಿನಾಲ್ಕು ವೋಲ್ಟ್ ಇದೆ. ಪಾಪ, ಅವನು ಸರಿಯಾಗೇ ದುಡೀತಿದ್ದಾನೆ, ಸುಮ್ನೆ ಅವನ ಮೇಲೆ ಹೊರಿಸಿದ್ದಾರೆ. ಬ್ಯಾಟರಿ ಹತ್ರ ನೋಡೋಣ. ಇಲ್ಲಿ ಬರೀ ಹನ್ನೆರಡೂವರೆ. ದುಡಿದದ್ದು ಮನೆಗೆ ಬಂದು ಸೇರ್ತಾನೇ ಇಲ್ವಲ್ಲ ಅತ್ತೆ!"

"ದಾರೀಲಿ ಯಾರು ತಿಂದ್ರು?" ಎಂದೆ.

"ಅದನ್ನೇ ನೋಡ್ತಿದ್ದೀನಿ. ಕರೆಂಟು ಹೋದ್ರೆ ಸಾಲ್ದು, ವಾಪಸ್ಸೂ ಬರ್ಬೇಕು. ವಾಪಸ್ಸು ಬರೋ ದಾರಿ ಗಾಡಿಯ ತಗಡೇ. ಇಂಜಿನ್ನಿಗೂ ಬಾಡಿಗೂ ಮಧ್ಯೆ ಒಂದು ಅರ್ತಿಂಗ್ ಪಟ್ಟಿ ಇರುತ್ತೆ..." ಎನ್ನುತ್ತಾ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಇಂಜಿನ್ನಿಗೂ ಹಿಡಿದಳು. ಅಲ್ಲಿ ಸೊನ್ನೆಯ ಹತ್ತಿರ ಬರಬೇಕಾದದ್ದು ಒಂದೂವರೆ ತೋರಿಸಿತು.

ಹೆಬ್ಬೆರಳಷ್ಟು ದಪ್ಪದ ಕೇಬಲ್ ಒಂದನ್ನು ತಂದು, ಒಂದು ತುದಿಯನ್ನು ಇಂಜಿನ್ನಿಗೆ ಕಚ್ಚಿಸಿ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದಳು. ಅಬ್ಬಾ! ಗೋಡೆ ಬೆಳ್ಳಗಾಯಿತು. ಸುಣ್ಣ ಎದ್ದ ಕಡೆಯೆಲ್ಲ ಎದ್ದು ಕಂಡಿತು, ಮೂಲೆಯ ಜೇಡರ ಬಲೆಯೂ ಕಂಡಿತು. ತೆಗೆದಳು, ಮತ್ತೆ ಹಳಸಿದ ಬೆಣ್ಣೆ.

ಇಂಜಿನ್ ಆರಿಸಲು ಹೇಳಿ, ಟಾರ್ಚ್ ಹಿಡಿದು ಅವಳು ವ್ಯಾನಿನ ಕೆಳಗೆ ತೂರಿದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಸೀಟಿನಿಂದ ಇಳಿದು, ಮಂಡಿ ನೋವನ್ನೂ ಲೆಕ್ಕಿಸದೆ ಬಗ್ಗಿ ನೋಡಿದೆ. "ಏನೇ, ನಿದ್ದೆ ಹೋದ್ಯಾ?"

"ಅತ್ತೆ, ಇಲ್ನೋಡಿ" ಎಂದಳು ಸಣ್ಣ ದನಿಯಲ್ಲಿ. ಬೀದಿಗೆ ಕೇಳುವಂತೆ ಮಾತಾಡುವವಳು ಪಿಸುಗುಟ್ಟಿದ್ದು ಕೇಳಿ ನಾನು ಇನ್ನಷ್ಟು ಬಗ್ಗಿದೆ. ಪಟ್ಟಿಯ ಬೋಲ್ಟನ್ನು ಅವಳು ಬಿಚ್ಚಿದ್ದಳು. ಪಟ್ಟಿ ಕೂರುವ ಜಾಗದಲ್ಲಿ ಬರೀ ಲೋಹ ಇರಬೇಕಂತೆ. ಅಲ್ಲಿ ಬಣ್ಣವಿತ್ತು. ನಯವಾದ, ಒಂದು ಗುಳ್ಳೆಯೂ ಇಲ್ಲದ, ಕನ್ನಡಿಯಂಥ ಬಣ್ಣ. ಬೇರೆ ಪೇಂಟರುಗಳು ಪಟ್ಟಿಯ ಸುತ್ತ ಎರಡೆಳೆ ಎಳೆದು ಮುಂದೆ ಹೋಗುತ್ತಾರೆ. ನನ್ನ ಮಗ ಅದನ್ನು ಬಿಚ್ಚಿ, ಹಿಂದಿನ ಜಾಗವನ್ನೂ ಬೋಲ್ಟಿನ ತೂತನ್ನೂ ಬಿಡದೆ ಬಳಿದು, ಒಣಗಿದ ಮೇಲೆ ವಾಪಸ್ಸು ಕಟ್ಟಿದ್ದ. ಯಾರ ಕಣ್ಣಿಗೂ ಬೀಳದ ಜಾಗವನ್ನು ಅಷ್ಟು ಚೊಕ್ಕ ಮಾಡುವ ಹುಚ್ಚ ಅವನೊಬ್ಬನೇ.

ನನಗೆ ಕ್ಷಣದಲ್ಲಿ ಎಲ್ಲವೂ ಹೊಳೆಯಿತು. ವ್ಯಾನು ಕೆಟ್ಟದ್ದು ನಮ್ಮ ಶೆಡ್ಡಿನಲ್ಲಿ, ನನ್ನ ಮಗನ ಕೈಯಲ್ಲಿ. ಇದು ಹೊರಗೆ ಹೋದರೆ ಉಳಿದ ವ್ಯಾನುಗಳು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

"ನೋಡಮ್ಮ" ಎಂದೆ, ಹೊರಗೆ ಬಂದವಳ ಕೈ ಹಿಡಿದುಕೊಂಡು. "ಆ ಬಣ್ಣ ಉಜ್ಜಿ ತೆಗೆದು ಪಟ್ಟಿ ಕಟ್ಟಿಬಿಡು. ನಟ್ಟು ಲೂಸ್ ಆಗಿತ್ತು, ಬಿಗಿ ಮಾಡಿದೆ ಅನ್ನು. ಸುಳ್ಳೂ ಅಲ್ಲ, ನಿಜಾನೂ ಅಲ್ಲ. ಇನ್ನೊಂದು ವ್ಯಾನನ್ನ ಏನಾದ್ರೂ ನೆಪ ಹೇಳಿ ನಾಳಿದ್ದು ಕರೆಸೋಣ."

"ನಾಳೆ ಬೆಳಗ್ಗೆ ಮಂಜು ಬೀಳಲ್ವಾ ಅತ್ತೆ?"

"ಇವತ್ತೇ ಕರೆಸು ಹಾಗಾದ್ರೆ!"

"ಸುಮ್ನೆ ಕರೆದ್ರೆ ಟ್ರಿಪ್ ಬಿಟ್ಟು ಬರ್ತಾರಾ? ಕಾರಣ ಗೊತ್ತಾದ್ರೆ ಮಾತ್ರ ಬರ್ತಾರೆ."

ನನಗೆ ರೇಗಿತು. ಗಂಡನಿಗಿಂತ ಬೋಲ್ಟು ಹೆಚ್ಚಾಯಿತಾ ಎಂದು ಬೈದೆ. ಅವನು ಈ ಕೆಲಸಕ್ಕೆ ಎಷ್ಟು ವರ್ಷ ಕಾದಿದ್ದಾನೆಂದು ನಿನಗೆ ಗೊತ್ತಿಲ್ಲವಾ ಎಂದೂ ಕೇಳಿದೆ. ಇವತ್ತು ಯಾರಾದರೂ ಬಂದು ನೀವು ಹಾಗೆ ಹೇಳಿದ್ದು ತಪ್ಪು ಎಂದರೆ, ನಿಮ್ಮ ಮಗನಾಗಿದ್ದರೆ ನೀವು ಏನು ಹೇಳುತ್ತಿದ್ದಿರಿ ಎಂದು ಅವರನ್ನೇ ಕೇಳುತ್ತೇನೆ. ಅವಳ ಕಣ್ಣು ತುಂಬಿತು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ. "ಮೊದಲು ನಿಮ್ಮ ಮಗನಿಗೆ ಗೊತ್ತಾಗ್ಲಿ ಅತ್ತೆ. ಬೇರೆಯವರ ಬಾಯಿಂದ ಅವರು ಇದನ್ನ ಕೇಳ್ಬಾರದು" ಎಂದಳಷ್ಟೆ.

ಅಷ್ಟರಲ್ಲೇ ಮಗ ಎರಡು ಕೈಯಲ್ಲೂ ಬಣ್ಣದ ಡಬ್ಬ ಹಿಡಿದು ಟಾರ್ಪಾಲಿನ್ ಸರಿಸಿಕೊಂಡು ಬಂದ. ಹೊರಗೆ ಹಾರ್ನ್ ಮಾಮನ ಜೊತೆ ನಗೆಚಾಟಿಕೆ ಮುಗಿಸಿ ಬಂದದ್ದು ಮುಖದಲ್ಲೇ ಕಾಣುತ್ತಿತ್ತು.

"ರೀ, ಸ್ವಲ್ಪ ಕೆಳಗೆ ಹೋಗಿ ನೋಡಿ" ಎಂದು ಸೊಸೆ ಟಾರ್ಚ್ ಕೊಟ್ಟಳು. "ಪಟ್ಟಿ ಕಟ್ಟೋ ಜಾಗ ಹೇಗಿದೆ?"

ಅವನು ಅಂಗಾತ ಮಲಗಿ ಕೆಳಗೆ ಜಾರಿದ. "ಹೇಗಿರುತ್ತೆ? ಫಸ್ಟ್ ಕ್ಲಾಸಾಗಿದೆ! ಒಂದು ಚೂರು ತುಕ್ಕಿಲ್ಲ. ಬೇರೆ ಯಾವ ಪೇಂಟರ್ ಪಟ್ಟಿ ಬಿಚ್ಚಿ ಬಳೀತಾನೆ ಹೇಳು?"

"ಯಾರೂ ಬಳಿಯಲ್ಲ" ಎಂದಳು.

ಪಟ್ಟಿಯನ್ನು ಹಾಗೇ ಬಣ್ಣದ ಮೇಲೆ ಕಟ್ಟಿ, ನನ್ನನ್ನು ಮತ್ತೆ ಸೀಟಿಗೆ ಕೂರಿಸಿದಳು. ಇಂಜಿನ್ ಹಾಕಿದೆ, ಏರಿಸಿದೆ. ಗೋಡೆ ಹಳದಿ. ಅವಳು ದಪ್ಪ ಕೇಬಲ್ ಮುಟ್ಟಿಸಿದಳು. ಗೋಡೆ ಬಿಳಿ. ತೆಗೆದಳು, ಹಳದಿ. ಮಗ ಗೋಡೆಯನ್ನು ನೋಡಿದ, ಕೇಬಲ್ಲನ್ನು ನೋಡಿದ, ಆಮೇಲೆ ಹೆಂಡತಿಯ ಮುಖ ನೋಡಿದ.

"ಅಲ್ಲಿ ಬರೀ ತಗಡು ಇರ್ಬೇಕಿತ್ತಾ?"

"ಹೂಂ."

"ತುಕ್ಕು ಹಿಡಿಯುತ್ತಲ್ಲೇ!"

"ಬಿಗಿ ಮಾಡಿದ್ಮೇಲೆ ಮೇಲಿಂದ ಬಳೀಬಹುದು ರೀ."

"ನೀನು ಪರದೆ ಆಚೇನೇ ಇದ್ದೆ!" ಎಂದು ಅವನು ಕೂಗಿದ. "ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಪರದೆ ಎತ್ತಿದ್ರೆ ಧೂಳು ಬರುತ್ತೆ ಅಂತ ಮೈಮೇಲೆ ಬರ್ತಿದ್ರಲ್ಲ!" ಎಂದು ಅವಳೂ ಕೂಗಿದಳು.

"ಮೆಲ್ಲಗೆ, ಮೆಲ್ಲಗೆ, ಹೊರಗೆ ಕೇಳ್ಸುತ್ತೆ" ಎಂದು ನಾನು ಸೀಟಿನಿಂದಲೇ ಇಬ್ಬರನ್ನೂ ಗದರಿದೆ. ಮಗ ಬಣ್ಣದ ಡಬ್ಬದ ಮೇಲೆ ಕುಸಿದು ಕುಳಿತ. ಸ್ವಲ್ಪ ಹೊತ್ತು ಕೈಬೆರಳಿನ ಸಂದಿಯಲ್ಲಿ ಒಣಗಿದ್ದ ಬಣ್ಣವನ್ನು ಕೆರೆಯುತ್ತಾ ಕೂತಿದ್ದ. "ಈ ಕೆಲಸ ಹೋದ್ರೆ ಮತ್ತೆ ಗೀರು ತರಚು ಬಳ್ಕೊಂಡು ಕೂರ್ಬೇಕು" ಎಂದ. ಅವಳು ಅವನೆದುರು ಕುಕ್ಕರುಗಾಲಲ್ಲಿ ಕೂತಳು. "ಗೊತ್ತು ರೀ. ನೀವು ಹೇಳ್ತೀರಾ, ನಾನೇ ಹೇಳ್ಲಾ?"

ಅವನು ಎದ್ದು ಕೈ ಒರೆಸಿಕೊಂಡು ಹೊರಗೆ ಹೋದ. ನಾನು ಸೀಟಿನಿಂದ ಇಳಿದು ಟಾರ್ಪಾಲಿನ್ ಅಂಚಿನಲ್ಲಿ ನಿಂತೆ. ಮಗ ಸುತ್ತು ಬಳಸದೆ ಹೇಳಿಬಿಟ್ಟ. ತಪ್ಪು ನನ್ನದು, ಬಣ್ಣ ಹಚ್ಚಬಾರದ ಕಡೆ ಹಚ್ಚಿದೆ, ನಿಮ್ಮ ಭಾವಮೈದನ ವ್ಯಾನಿಗೂ ಹಾಗೇ ಮಾಡಿದ್ದೇನೆ ಎಂದ.

ಹಾರ್ನ್ ಮಾಮ ಬಾಯಿಗೆ ಬಂದಂತೆ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಬೈಯಲಿಲ್ಲ. ಟೀ ಲೋಟವನ್ನು ಬೆಂಚಿನ ಮೇಲಿಟ್ಟು ಫೋನ್ ತೆಗೆದ. "ಎಲ್ಲಿದ್ದೀಯ? ಮಧ್ಯಾಹ್ನ ಮಕ್ಕಳನ್ನ ಹತ್ತಿಸ್ಕೋಬೇಡ. ಖಾಲಿ ಗಾಡಿ ಇಲ್ಲಿಗೆ ತಗೊಂಡು ಬಾ. ಯಾಕೆ ಅಂತ ಆಮೇಲೆ ಹೇಳ್ತೀನಿ." ಫೋನ್ ಇಟ್ಟ ಮೇಲೆ ಮಗನ ಕಡೆ ತಿರುಗಿದ.

"ಹೋದ ವಾರ ತಿರುವಿನಲ್ಲಿ ಎದುರಿಂದ ಒಂದು ಲಾರಿ ಬಂತು ಪೇಂಟರ್ರೇ. ನಾನು ಪೂರ್ತಿ ಪಕ್ಕಕ್ಕೆ ಎಳ್ಕೊಂಡೆ. ಲಾರಿ ಡ್ರೈವರ್ ಇಳಿದು ಬಂದು 'ಲೈಟ್ ಹಾಕ್ಕೊಂಡು ಓಡ್ಸೋ' ಅಂತ ಬೈದ." ಅವನು ಫೋನನ್ನು ಜೇಬಿಗೆ ಹಾಕಿಕೊಂಡ. "ಲೈಟ್ ಹಾಕೇ ಇತ್ತು."

ನಾನು ಟಾರ್ಪಾಲಿನ್ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಸಂಜೆಯೊಳಗೆ ಎರಡೂ ವ್ಯಾನುಗಳ ಕೆಲಸವಾಯಿತು. ಉಜ್ಜುಕಾಗದ ಹಿಡಿದು ತನ್ನ ಬಣ್ಣವನ್ನು ತಾನೇ ತಗಡು ಹೊಳೆಯುವವರೆಗೂ ಉಜ್ಜಿದವನು ಮಗ. ಟಾರ್ಚ್ ಹಿಡಿದವಳು ಸೊಸೆ. ಏರಿಸಿದವಳು, ಇಳಿಸಿದವಳು ನಾನು. ಭಾವಮೈದ ಮುಖ ಗಂಟಿಕ್ಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಕೊಟ್ಟ ಟೀ ಮುಟ್ಟಲಿಲ್ಲ. ಹೊರಡುವಾಗ ಹಾರ್ನ್ ಮಾಮ ಒಮ್ಮೆ ಹಾರ್ನ್ ಒತ್ತಿ ನೋಡಿದ. ಮೊದಲಿನ ಗಂಟಲು ಬಂದಿತ್ತು. ಅವನು ನಗಲಿಲ್ಲ. ಉಳಿದ ವ್ಯಾನುಗಳ ಬಗ್ಗೆ ಮಗನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅವು ಬರಲಿಲ್ಲ. ಬೇರೆ ಕಡೆ ಬಳಿಸಿಕೊಂಡವು. ಅವುಗಳ ಬಾಗಿಲ ಅಂಚಿನಲ್ಲಿ ಬಣ್ಣ ಕಣ್ಣೀರಿನ ಹಾಗೆ ಇಳಿದಿರುವುದನ್ನು ಬೀದಿಯಲ್ಲಿ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ತಿಂಗಳುಗಟ್ಟಲೆ ಮಗ ಗೀರು ತರಚುಗಳಲ್ಲೇ ಕಳೆದ. ಅದು ಆಮೇಲಿನ ಮಾತು. ನಾನು ಹೇಳಬೇಕೆಂದದ್ದು ಮರುದಿನ ಬೆಳಗ್ಗೆಯ ವಿಷಯ.

ಎದ್ದು ನೋಡಿದರೆ ಇಬ್ಬರೂ ಮನೆಯಲ್ಲಿಲ್ಲ. ಮುಂಬಾಗಿಲು ಬರೀ ಮುಂದೆ ಮಾಡಿತ್ತು. ಜಗಳವಾಡಿಕೊಂಡು ಎಲ್ಲಿ ಹೋದರೋ ಎಂದು ಶಾಲು ಸುತ್ತಿಕೊಂಡು ಬೀದಿಗಿಳಿದೆ. ಮಂಜೆಂದರೆ ಮಂಜು, ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ. ಮುಖ್ಯರಸ್ತೆಯ ತಿರುವಿನಲ್ಲಿ ಇಬ್ಬರೂ ನಿಂತಿದ್ದರು. ಅವಳು ಅವನ ಸ್ವೆಟರ್ ಹಾಕಿಕೊಂಡಿದ್ದಳು. ಅವನು ರಸ್ತೆಯ ಆ ತುದಿಯನ್ನೇ ನೋಡುತ್ತಿದ್ದ. ಇಲ್ಲೇನು ಮಾಡುತ್ತಿದ್ದೀರಿ ಎಂದು ಕೇಳಬೇಕೆಂದುಕೊಂಡವಳು ಸುಮ್ಮನೆ ಪಕ್ಕದಲ್ಲಿ ನಿಂತೆ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೂರದಲ್ಲಿ ಎರಡು ಬಿಳಿ ಚುಕ್ಕೆ. ಚುಕ್ಕೆಗಳು ದೊಡ್ಡದಾಗಿ, ಮಂಜನ್ನು ಸರಿಸಿಕೊಂಡು, ನಮ್ಮ ಕಾಲಬುಡದ ಕಲ್ಲುಗಳವರೆಗೆ ಬೆಳಕು ಬಂತು. ಹಾರ್ನ್ ಮಾಮನ ವ್ಯಾನು. ಅವನ ಹಿಂದೆಯೇ ಭಾವಮೈದನದು. ತಿರುವಿನಲ್ಲಿ ಎರಡೂ ನಿಧಾನವಾದವು. ಡ್ರೈವರುಗಳಿಬ್ಬರೂ ನಮ್ಮ ಕಡೆ ನೋಡಲಿಲ್ಲ. ಕಿಟಕಿಗಳ ತುಂಬ ಮಕ್ಕಳು. ಒಂದು ಮಗು ಗಾಜಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿತ್ತು. ಇನ್ನೊಂದು ಗಾಜಿನ ಮೇಲಿನ ಹಬೆಯಲ್ಲಿ ಬೆರಳಿನಿಂದ ಏನೋ ಗೀಚುತ್ತಿತ್ತು. ಟೋಪಿಯೊಳಗೆ ಬರೀ ಕಣ್ಣು ಕಾಣುತ್ತಿದ್ದ ಒಂದು ಪುಟ್ಟದು ನಮಗೆ ಕೈ ಬೀಸಿತು.

ಕೆಂಪು ದೀಪಗಳು ಮಂಜಿನಲ್ಲಿ ಕರಗುವವರೆಗೂ ಮೂವರೂ ನಿಂತೇ ಇದ್ದೆವು. ನಿನ್ನೆ ನಾನು ಹೇಳಿದಂತೆ ಆಗಿದ್ದರೆ ಆ ಎರಡನೆಯ ವ್ಯಾನು ಹೇಗೆ ಬರುತ್ತಿತ್ತು ಎಂಬುದು ತಲೆಗೆ ಬಂತು. ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ನನ್ನ ಶಾಲು ಸರಿಮಾಡಿದಳು.

ಮಗ ಇನ್ನೂ ಆ ಕಡೆಗೇ ನೋಡುತ್ತಿದ್ದ.

"ನಾನು ಇಷ್ಟು ದಿನ ವ್ಯಾನ್ ಖಾಲಿ ಇದ್ದಾಗ ಮಾತ್ರ ನೋಡಿದ್ದೆ ಅಮ್ಮ" ಎಂದ.